ಹೊಟ್ಟೆ ನುಲಿತದ ಎರಡು ಮಾತ್ರೆ: ಒಂದು ಅಮ್ಮನ ತಲೆಗೇರಿತು, ಇನ್ನೊಂದು ಯಾಕೆ ಏರಲಿಲ್ಲ?

ಪ್ರಶ್ನೆ: ತುಂಗೆಯ ದಡದವಳು

ಅಮ್ಮನಿಗೆ 71 ವರ್ಷ. ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ ನನ್ನ ಜೊತೆಗೇ ಇದ್ದಾರೆ. ಮೊದಲಿಂದಲೂ ಹೊಟ್ಟೆ ಸೂಕ್ಷ್ಮ. ಸ್ವಲ್ಪ ಹೆಚ್ಚುಕಮ್ಮಿ ತಿಂದರೂ ನುಲಿತ ಶುರುವಾಗುತ್ತದೆ. ಎರಡು ವರ್ಷದ ಹಿಂದೆ ಎಲ್ಲ ಪರೀಕ್ಷೆ ಮಾಡಿಸಿದಾಗ ಐಬಿಎಸ್, ಅಂದರೆ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ ಕರುಳು ಪದೇ ಪದೇ ಕೆರಳುವ ತೊಂದರೆ, ಎಂದಿದ್ದರು.

ಹೋದ ತಿಂಗಳು ಒಂದು ಶುಕ್ರವಾರ ನುಲಿತ ತುಂಬಾ ಜೋರಾಯಿತು. ಹತ್ತಿರದ ಕ್ಲಿನಿಕ್ಕಿನಲ್ಲಿ ಡೈಸೈಕ್ಲೋಮಿನ್ 20 ಮಿಲಿಗ್ರಾಂ ಇರುವ ಮಾತ್ರೆ ಕೊಟ್ಟರು, ದಿನಕ್ಕೆ ಮೂರು ಸಲ. ನೋವು ನಿಜವಾಗಿ ಕಡಿಮೆಯಾಯಿತು. ಶನಿವಾರ ಮಧ್ಯಾಹ್ನದಿಂದ ಬಾಯಿ ಒಣಗುತ್ತಿದೆ ಎಂದು ನಾಲ್ಕು ಸಲ ನೀರು ಕೇಳಿದರು. ಸೆಕೆಗೆ ಇರಬೇಕು ಅಂದುಕೊಂಡೆ.

ರಾತ್ರಿ ಹನ್ನೊಂದರ ಹೊತ್ತಿಗೆ ನನ್ನನ್ನು ಎಬ್ಬಿಸಿ, "ಮಳೆ ಬಂತು, ಕರು ಬಿಚ್ಚಿ ಒಳಗೆ ಕಟ್ಟು" ಎಂದರು. ನಮ್ಮ ಮನೆಯಲ್ಲಿ ದನಕರು ಇಲ್ಲದೆ ಹದಿನೈದು ವರ್ಷವಾಯಿತು. ಮುಖ ಕೆಂಪಗೆ, ಮೈ ಬಿಸಿ, ಆದರೆ ಒಂದು ಹನಿ ಬೆವರಿಲ್ಲ. ಕಣ್ಣಿನ ಪಾಪೆ ಅಗಲವಾಗಿತ್ತು. ಕಂಬಳಿಯಿಂದ ಏನೋ ದಾರ ಕೀಳುವ ಹಾಗೆ ಬೆರಳಾಡಿಸುತ್ತಲೇ ಇದ್ದರು. ಅಲ್ಲಿ ದಾರ ಇರಲಿಲ್ಲ. ಬೆಳಗಿನವರೆಗೆ ಅವರ ಕೈ ಹಿಡಿದುಕೊಂಡು ಕೂತಿದ್ದೆ. ಲಕ್ವ ಹೊಡೆಯಿತೋ ಏನೋ ಎಂದು ಎದೆ ಹಾರುತ್ತಿತ್ತು.

ಭಾನುವಾರ ಬೆಳಿಗ್ಗೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ಪರೀಕ್ಷೆ ಮಾಡಿ, ಲಕ್ವ ಅಲ್ಲ, ಮಾತ್ರೆ ನಿಲ್ಲಿಸಿ ಎಂದರು. ಸೋಮವಾರದ ಹೊತ್ತಿಗೆ ಅಮ್ಮ ಸರಿಯಾದರು. ನುಲಿತ ಮತ್ತೆ ಬಂದರೆ ಕೊಡಿ ಎಂದು ಹಯೋಸಿನ್ ಬ್ಯುಟೈಲ್‌ಬ್ರೋಮೈಡ್ 10 ಮಿಲಿಗ್ರಾಂ ಬರೆದುಕೊಟ್ಟಿದ್ದಾರೆ.

ಬಿ.ಫಾರ್ಮ ಓದುತ್ತಿರುವ ನಮ್ಮ ಚಿಕ್ಕಪ್ಪನ ಮಗ ಚೀಟಿ ನೋಡಿ, "ಹಯೋಸಿನ್ ಅಂದರೆ ಸ್ಕೋಪೊಲಮಿನ್. ಉಮ್ಮತ್ತಿ ಕಾಯಿಯಲ್ಲಿ ಇರುವುದು ಅದೇ" ಎಂದುಬಿಟ್ಟ. ನನಗೆ ಕೈಕಾಲು ತಣ್ಣಗಾಯಿತು. ಅಷ್ಟರಲ್ಲಿ ಅಮ್ಮ ಎರಡು ದಿನ ಅದನ್ನು ತೆಗೆದುಕೊಂಡಾಗಿತ್ತು. ತಲೆ ಸರಿ ಇತ್ತು. ಬಾಯಿ ಕೂಡ ಅಷ್ಟು ಒಣಗಲಿಲ್ಲ. ಎರಡೂ ಒಂದೇ ಜಾತಿಯ ಔಷಧ ಎನ್ನುತ್ತಾರೆ. ಹಾಗಾದರೆ ಒಂದು ತಲೆಗೆ ಹೋಗಿದ್ದು, ಉಮ್ಮತ್ತಿಯಿಂದ ಬಂದದ್ದು ಹೋಗದೇ ಇದ್ದದ್ದು ಹೇಗೆ? ಮುಂದೆ ಕೊಡಬಹುದಾ? ತಿಳಿದವರು ನನಗೆ ಅರ್ಥವಾಗುವ ಹಾಗೆ ಹೇಳಿ.

ಅಮ್ಮ ತೆಗೆದುಕೊಳ್ಳುವ ಬೇರೆ ಮಾತ್ರೆ: ಸಕ್ಕರೆಗೆ ಮೆಟ್‌ಫಾರ್ಮಿನ್, ಕಾಲುರಿಗೆ ರಾತ್ರಿ ಅಮಿಟ್ರಿಪ್ಟಿಲಿನ್ 10. ಆ ವಾರ ನೆಗಡಿ ಇತ್ತು ಅಂತ ಮನೆಯಲ್ಲಿದ್ದ ನೆಗಡಿ ಮಾತ್ರೆಯನ್ನೂ ಎರಡು ದಿನ ನುಂಗಿದ್ದರು.

ಉತ್ತರ: ಹಾವೇರಿ ಔಷಧದಂಗಡಿ

26 ವರ್ಷದಿಂದ ಔಷಧದ ಅಂಗಡಿ ನಡೆಸುತ್ತಿದ್ದೇನೆ. ನೀವು ಬರೆದದ್ದನ್ನು ಎರಡು ಸಲ ಓದಿದೆ. ಕಂಬಳಿಯಿಂದ ಇಲ್ಲದ ದಾರ ಕೀಳುವುದು, ಬೆವರಿಲ್ಲದ ಬಿಸಿ ಮೈ, ಅಗಲವಾದ ಪಾಪೆ. ಇದಕ್ಕಿಂತ ಸ್ಪಷ್ಟವಾಗಿ ಯಾವ ಪುಸ್ತಕವೂ ಬರೆಯುವುದಿಲ್ಲ. ಆ ರಾತ್ರಿ ನೀವು ಇಷ್ಟು ಗಮನಿಸಿದ್ದೀರಿ, ದೊಡ್ಡ ವಿಷಯ.

ಹೊಟ್ಟೆ ಯಾಕೆ ನುಲಿಯುತ್ತದೆ ಎನ್ನುವಲ್ಲಿಂದ ಶುರು ಮಾಡುತ್ತೇನೆ. ಕರುಳಿನ ಗೋಡೆಯಲ್ಲಿ ಸ್ನಾಯು ಇದೆ. ನಾವು ಹೇಳಿದರೆ ಕೇಳದ ಸ್ನಾಯು, ತನ್ನ ಪಾಡಿಗೆ ಕೆಲಸ ಮಾಡುವಂಥದ್ದು. ಅದರ ಪಕ್ಕದ ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ. ಅದು ಸ್ನಾಯುವಿನ ಮೇಲಿರುವ ಮಸ್ಕರಿನಿಕ್ ಗ್ರಾಹಕದಲ್ಲಿ, ಅಂದರೆ ಅದನ್ನು ಹಿಡಿದುಕೊಳ್ಳಲೆಂದೇ ಇರುವ ಜಾಗದಲ್ಲಿ, ಕೂರುತ್ತದೆ. ಕರುಳಿನಲ್ಲಿ ಬಿಗಿಯುವ ಕೆಲಸಕ್ಕೆ ಮುಖ್ಯವಾದದ್ದು ಎಂ3 ಎಂಬ ಬಗೆ. ಕೂತ ತಕ್ಷಣ ಸ್ನಾಯುವಿನ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಸ್ನಾಯು ಮುಷ್ಟಿ ಹಿಡಿದ ಹಾಗೆ ಬಿಗಿಯುತ್ತದೆ. ಬಿಗಿದದ್ದು ಸಡಿಲವಾಗದೇ ಇದ್ದರೆ ಅದೇ ನಿಮ್ಮ ಅಮ್ಮ ಹೇಳುವ ನುಲಿತ. ಡೈಸೈಕ್ಲೋಮಿನ್, ಹಯೋಸಿನ್ ಬ್ಯುಟೈಲ್‌ಬ್ರೋಮೈಡ್ ಎರಡೂ ಆ ಗ್ರಾಹಕದ ಜಾಗಕ್ಕೆ ಮೊದಲು ಹೋಗಿ ಕೂತುಬಿಡುತ್ತವೆ. ಅಸಿಟೈಲ್‌ಕೋಲಿನ್ ಬಂದರೆ ಅದಕ್ಕೆ ಜಾಗ ಸಿಗುವುದಿಲ್ಲ. ಡೈಸೈಕ್ಲೋಮಿನ್ ಇದರ ಜೊತೆಗೆ ಸ್ನಾಯುವನ್ನು ನೇರವಾಗಿಯೂ ಸ್ವಲ್ಪ ಸಡಿಲಿಸುತ್ತದೆ.

ತೊಂದರೆ ಏನೆಂದರೆ ಇದೇ ಬಗೆಯ ಗ್ರಾಹಕಗಳು ಮೈತುಂಬಾ ಇವೆ. ಜೊಲ್ಲಿನ ಗ್ರಂಥಿಯಲ್ಲಿ ಇವೆ, ಅದಕ್ಕೇ ಬಾಯಿ ಒಣಗಿತು. ಬೆವರಿನ ಗ್ರಂಥಿಯಲ್ಲಿ, ಕಣ್ಣಿನಲ್ಲಿ, ಮೂತ್ರಕೋಶದಲ್ಲಿ, ಹೃದಯದಲ್ಲಿ ಇವೆ. ಮಿದುಳಿನಲ್ಲಿಯೂ ಇವೆ. ಅಲ್ಲಿ ಅವು ನೆನಪಿಗೆ, ಎಚ್ಚರಕ್ಕೆ ಸಂಬಂಧಪಟ್ಟವು. ಅಲ್ಲಿಗೆ ಔಷಧ ತಲುಪಿದರೆ ಇಲ್ಲದ ಕರು ಕಾಣುತ್ತದೆ.

ಹಾಗಾದರೆ ನಿಮ್ಮ ಪ್ರಶ್ನೆ ಒಂದೇ: ಯಾವುದು ಮಿದುಳಿಗೆ ತಲುಪುತ್ತದೆ, ಯಾವುದು ತಲುಪುವುದಿಲ್ಲ?

ಒಗ್ಗರಣೆ ಹಾಕುವಾಗ ನೋಡಿ. ಕಾದ ಎಣ್ಣೆಗೆ ಅರಿಶಿನ ಹಾಕಿದರೆ ಎಣ್ಣೆಯೆಲ್ಲ ಹಳದಿಯಾಗುತ್ತದೆ. ಉಪ್ಪು ಹಾಕಿದರೆ? ಎಷ್ಟು ಕದಡಿದರೂ ಹರಳು ಹರಳಾಗಿ ತಳದಲ್ಲಿ ಕೂರುತ್ತದೆ. ಮಿದುಳಿನ ರಕ್ತನಾಳಗಳ ಒಳಗೋಡೆಯ ಕೋಶಗಳು ಒಂದಕ್ಕೊಂದು ಹೊಲಿದ ಹಾಗೆ ಬಿಗಿಯಾಗಿವೆ, ನಡುವೆ ಸಂದಿಲ್ಲ. ದಾಟಬೇಕಾದರೆ ಕೋಶದ ಜಿಡ್ಡಿನ ಪೊರೆಯನ್ನೇ ದಾಟಬೇಕು. ಅರಿಶಿನದಂಥದ್ದು ದಾಟುತ್ತದೆ, ಉಪ್ಪಿನಂಥದ್ದು ದಾಟುವುದಿಲ್ಲ.

ಡೈಸೈಕ್ಲೋಮಿನ್ ಅರಿಶಿನದ ಜಾತಿ. ಅದರ ಅಣುವಿನಲ್ಲಿ ಆರು ಆರು ಕಾರ್ಬನ್ನಿನ ಎರಡು ಉಂಗುರಗಳಿವೆ, ಅದರಿಂದಲೇ ಹೆಸರಿನಲ್ಲಿ 'ಡೈಸೈಕ್ಲೋ' ಇದೆ. ಆ ಉಂಗುರಗಳಿಗೆ ಜಿಡ್ಡು ಎಂದರೆ ಬಹಳ ಇಷ್ಟ. ನುಂಗಿದ 60ರಿಂದ 90 ನಿಮಿಷದಲ್ಲಿ ರಕ್ತದಲ್ಲಿ ಅದರ ಮಟ್ಟ ತುದಿಗೇರುತ್ತದೆ. ಮೈಯ ತೂಕದ ಪ್ರತಿ ಕಿಲೋಗೆ ಸುಮಾರು 3.65 ಲೀಟರ್ ಜಾಗದಲ್ಲಿ ಹರಡಿದ ಲೆಕ್ಕ ಅದಕ್ಕೆ. ಅಮ್ಮ 50 ಕಿಲೋ ಇದ್ದರೆ 180 ಲೀಟರಿಗೂ ಜಾಸ್ತಿ. ಮೈಯಲ್ಲಿ ಅಷ್ಟು ನೀರೇ ಇಲ್ಲವಲ್ಲ! ರಕ್ತ ಬಿಟ್ಟು ಅಂಗಾಂಶಗಳೊಳಗೆ ಹೋಗಿ ಸೇರಿಕೊಳ್ಳುತ್ತದೆ ಎಂದು ಅದರ ಅರ್ಥ. ಮಿದುಳೂ ಅದರಲ್ಲಿ ಸೇರಿತು.

ಹಯೋಸಿನ್ ಬ್ಯುಟೈಲ್‌ಬ್ರೋಮೈಡ್ ಉಪ್ಪಿನ ಜಾತಿ. ನಿಮ್ಮ ತಮ್ಮ ಹೇಳಿದ್ದು ಅರ್ಧ ಸರಿ. ಇದರ ಮೂಲ ಸ್ಕೋಪೊಲಮಿನ್ನೇ, ಉಮ್ಮತ್ತಿಯಲ್ಲಿ ಇರುವುದೂ ಅದೇ. ಆದರೆ ಅದರ ನೈಟ್ರೋಜನ್ನಿಗೆ ನಾಲ್ಕು ಕಾರ್ಬನ್ನಿನ ಒಂದು ಸಣ್ಣ ಬಾಲ, ಅಂದರೆ ಬ್ಯುಟೈಲ್, ಅಂಟಿಸಿದ್ದಾರೆ. ಅಷ್ಟೇ ಬದಲಾವಣೆ. ಆ ಬಾಲ ಅಂಟಿದ್ದರಿಂದ ನೈಟ್ರೋಜನ್ ಮೇಲೆ ಯಾವತ್ತೂ ಹೋಗದ ಧನ ವಿದ್ಯುದಂಶ ಕೂತುಬಿಟ್ಟಿತು. ಜಿಡ್ಡಿನ ಗೋಡೆ ದಾಟಲು ಅದಕ್ಕೆ ಆಗುವುದಿಲ್ಲ. ಮಿದುಳಿನ ಗೋಡೆಯನ್ನಷ್ಟೇ ಅಲ್ಲ, ಕರುಳಿನ ಗೋಡೆಯನ್ನೂ ಸರಿಯಾಗಿ ದಾಟುವುದಿಲ್ಲ. ನುಂಗಿದ ಮಾತ್ರೆಯಲ್ಲಿ ರಕ್ತಕ್ಕೆ ಸೇರುವುದು ನೂರಕ್ಕೆ ಒಂದು ಪಾಲಿಗಿಂತ ಕಡಿಮೆ. 10 ಮಿಲಿಗ್ರಾಂ ನುಂಗಿದರೆ 0.1 ಮಿಲಿಗ್ರಾಂ ಕೂಡ ರಕ್ತಕ್ಕೆ ಬರುವುದಿಲ್ಲ. ಉಳಿದದ್ದು ಕರುಳಿನಲ್ಲೇ ಇದ್ದು, ಅಲ್ಲೇ ಕೆಲಸ ಮಾಡಿ, ಬಹುಪಾಲು ಮಲದ ಜೊತೆ ಹೋಗುತ್ತದೆ. ನುಲಿತ ಇರುವುದು ಕರುಳಿನಲ್ಲಿ, ಔಷಧವೂ ಕರುಳಿನಲ್ಲೇ ಉಳಿಯುತ್ತದೆ. ಅಮ್ಮನ ತಲೆ ಸರಿ ಇದ್ದದ್ದು, ಬಾಯಿ ಅಷ್ಟು ಒಣಗದೇ ಇದ್ದದ್ದು ಎರಡೂ ಇದರಿಂದಲೇ.

ಇನ್ನು ಆ ಶನಿವಾರದ ಮಾತು. ಡೈಸೈಕ್ಲೋಮಿನ್ ಒಂದನ್ನೇ ದೂರಬೇಡಿ. ನಿಮ್ಮ ಪಟ್ಟಿಯ ಕೊನೆಯ ಎರಡು ಸಾಲು ಓದಿದಾಗ ನನಗೆ ಗೊತ್ತಾಯಿತು. ಅಮಿಟ್ರಿಪ್ಟಿಲಿನ್ ಕೂಡ ಇದೇ ಮಸ್ಕರಿನಿಕ್ ಗ್ರಾಹಕಗಳನ್ನು ಮುಚ್ಚುತ್ತದೆ. ನೆಗಡಿ ಮಾತ್ರೆಯ ಹಿಂಬದಿ ಓದಿ ನೋಡಿ, ಹೆಚ್ಚಾಗಿ ಕ್ಲೋರ್‌ಫೆನಿರಮಿನ್ ಇರುತ್ತದೆ. ಅದೂ ಅದೇ ಕೆಲಸ ಮಾಡುತ್ತದೆ. ಮೂರೂ ಮಿದುಳಿಗೆ ಹೋಗುವಂಥವು. ಒಂದೊಂದನ್ನೇ ನೋಡಿದರೆ ಸಣ್ಣ ಡೋಸು. ಮೂರೂ ಒಂದೇ ಬಾಗಿಲಿಗೆ ಅಗುಳಿ ಹಾಕಿದವು. ವಯಸ್ಸಾದವರ ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಮೊದಲೇ ಕಡಿಮೆ. ಅಮೆರಿಕದ ವೃದ್ಧವೈದ್ಯರ ಸಂಘ ಇಟ್ಟಿರುವ ಬೀರ್ಸ್ ಪಟ್ಟಿಯಲ್ಲಿ, ವಯಸ್ಸಾದವರಿಗೆ ಕೊಡದಿರುವುದು ಒಳ್ಳೆಯದು ಎಂದು ಡೈಸೈಕ್ಲೋಮಿನ್, ಅಮಿಟ್ರಿಪ್ಟಿಲಿನ್, ಕ್ಲೋರ್‌ಫೆನಿರಮಿನ್ ಮೂರರ ಹೆಸರೂ ಇದೆ. ಡೈಸೈಕ್ಲೋಮಿನ್ ಜೊತೆ ಅಮೆರಿಕದಲ್ಲಿ ಕೊಡುವ ಅಧಿಕೃತ ಮಾಹಿತಿಯಲ್ಲೇ, ಗೊಂದಲ, ಭ್ರಮೆ ಬರಬಹುದು, ನಿಲ್ಲಿಸಿದ 12ರಿಂದ 24 ಗಂಟೆಯಲ್ಲಿ ಸಾಮಾನ್ಯವಾಗಿ ಹೋಗುತ್ತದೆ ಎಂದು ಬರೆದಿದೆ. ಅಮ್ಮ ಸೋಮವಾರ ಸರಿಯಾದದ್ದು ಆ ಲೆಕ್ಕಕ್ಕೇ ಕೂರುತ್ತದೆ.

ಇದನ್ನು ಬರೆಯುವಾಗ ಒಂದು ಬೇರೆ ವಿಷಯ ಹೇಳದೇ ಇರಲು ಆಗುತ್ತಿಲ್ಲ. ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಅಜ್ಜಿಯಂದಿರು ಬರುತ್ತಾರೆ. "ಮಗು ಒಂದೇ ಸಮ ಅಳ್ತಿದೆ, ಹೊಟ್ಟೆ ಹಿಡ್ಕೊಂಡಿದೆ, ಡ್ರಾಪ್ಸ್ ಕೊಡಿ" ಎನ್ನುತ್ತಾರೆ. ಮಗುವಿಗೆ ಎಷ್ಟು ತಿಂಗಳು ಎಂದರೆ ಎರಡು. ಡೈಸೈಕ್ಲೋಮಿನ್ ಇರುವ ಡ್ರಾಪ್ಸ್ ಆರು ತಿಂಗಳೊಳಗಿನ ಮಗುವಿಗೆ ಕೊಡಲೇಬಾರದು. ಉಸಿರು ಕಟ್ಟಿದ, ಫಿಟ್ಸ್ ಬಂದ, ಮೈ ಜೋಲು ಬಿದ್ದ ಉದಾಹರಣೆಗಳು ದಾಖಲಾಗಿವೆ. ನಾನು ಕೊಡುವುದಿಲ್ಲ ಎಂದರೆ ಕೆಲವರು ಸಿಟ್ಟು ಮಾಡಿಕೊಂಡು ಪಕ್ಕದ ಬೀದಿಗೆ ಹೋಗುತ್ತಾರೆ. ಒಬ್ಬ ಅಜ್ಜಿಯ ಹಿಂದೆಯೇ ನಾನು ಓಡಿಹೋಗಿ, ಕೈಮುಗಿದು, ಮಕ್ಕಳ ಡಾಕ್ಟರ ಮನೆ ತೋರಿಸಿ ಬಂದಿದ್ದೇನೆ. ಇಲ್ಲಿ ಓದುತ್ತಿರುವವರ ಮನೆಯಲ್ಲಿ ಎಳೆ ಮಗು ಇದ್ದರೆ ದಯವಿಟ್ಟು ಡ್ರಾಪ್ಸ್ ಬಾಟಲಿಯ ಮೇಲಿನ ಹೆಸರನ್ನು ಈಗಲೇ ಓದಿ.

ಮುಂದೆ ಕೊಡಬಹುದಾ ಎಂದು ಕೇಳಿದ್ದೀರಿ. ಡಾಕ್ಟರು ಅಮ್ಮನನ್ನು ನೋಡಿಯೇ ಬರೆದಿದ್ದಾರೆ, ಬರೆದ ಹಾಗೆ ಕೊಡಿ. ಆದರೆ ಅಮಿಟ್ರಿಪ್ಟಿಲಿನ್ ಇರುವುದು ಆ ಡಾಕ್ಟರಿಗೆ ಗೊತ್ತಾ ಎಂದು ಒಮ್ಮೆ ಕೇಳಿ. ಅದನ್ನು ನೀವೇ ದಿಢೀರ್ ನಿಲ್ಲಿಸಬೇಡಿ. ನೆಗಡಿ ಮಾತ್ರೆಯನ್ನು ಮಾತ್ರ ಮನೆಯ ಡಬ್ಬಿಯಿಂದ ತೆಗೆದುಬಿಡಿ. ಜ್ವರ, ವಾಂತಿ, ಮಲದಲ್ಲಿ ರಕ್ತ, ಹೊಟ್ಟೆ ಹಲಗೆಯಂತೆ ಗಟ್ಟಿಯಾಗುವುದು, ಇವುಗಳಲ್ಲಿ ಒಂದು ಕಂಡರೂ ಯಾವ ನುಲಿತದ ಮಾತ್ರೆಯನ್ನೂ ಕೊಡದೆ ಆಸ್ಪತ್ರೆಗೆ ಹೋಗಿ. ಮಾತ್ರೆ ನೋವನ್ನು ಮುಚ್ಚಿಬಿಟ್ಟರೆ ಡಾಕ್ಟರಿಗೂ ಕಷ್ಟ.

ಉತ್ತರ: ಧಾರವಾಡದ ಕೆಮಿಸ್ಟ್ರಿ ಮೇಷ್ಟ್ರು

ಹಾವೇರಿಯವರ ಒಗ್ಗರಣೆ ಉದಾಹರಣೆ ಬಹಳ ಹಿಡಿಸಿತು. ನಿಮ್ಮ ತಮ್ಮ ಬಿ.ಫಾರ್ಮ ಓದುತ್ತಿದ್ದಾನೆ ಎಂದಿರಿ, ಅವನಿಗಾಗಿ ಒಂದಿಷ್ಟು ಸೇರಿಸುತ್ತೇನೆ.

ಉಪ್ಪು, ಅರಿಶಿನ ಎಂದು ಎರಡೇ ಗುಂಪು ಮಾಡಿದರೆ ಒಂದು ಪ್ರಶ್ನೆ ಉಳಿಯುತ್ತದೆ. ಡೈಸೈಕ್ಲೋಮಿನ್ ಕೂಡ ಮಾತ್ರೆಯಲ್ಲಿ ಹೈಡ್ರೋಕ್ಲೋರೈಡ್ ಲವಣವಾಗಿಯೇ ಇರುತ್ತದೆ. ಬಿಳಿ ಪುಡಿ, ಕಹಿ ರುಚಿ, ನೀರಿನಲ್ಲಿ ಕರಗುತ್ತದೆ. ಅದೂ ಉಪ್ಪೇ ಅಲ್ವಾ? ವ್ಯತ್ಯಾಸ ಇರುವುದು ಆ ವಿದ್ಯುದಂಶ ಬಿಟ್ಟುಹೋಗುತ್ತದೆಯೋ ಇಲ್ಲವೋ ಎನ್ನುವುದರಲ್ಲಿ.

ನೈಟ್ರೋಜನ್ನಿಗೆ ಮೂರು ಕೈ, ಜೊತೆಗೆ ಒಂದು ಜೋಡಿ ಎಲೆಕ್ಟ್ರಾನ್ ಬಿಡುವಾಗಿ ಇರುತ್ತದೆ. ಆ ಜೋಡಿ ಒಂದು ಪ್ರೋಟಾನನ್ನು ಹಿಡಿದುಕೊಂಡರೆ ಧನ ವಿದ್ಯುದಂಶ ಬರುತ್ತದೆ, ಬಿಟ್ಟರೆ ಹೋಗುತ್ತದೆ. ಡೈಸೈಕ್ಲೋಮಿನ್ ಈ ಬಗೆಯದು, ತೃತೀಯಕ ಅಮೈನ್. ಅದರ ಪಿಕೆಎ, ಅಂದರೆ ಅರ್ಧ ಅಣುಗಳು ಪ್ರೋಟಾನ್ ಹಿಡಿದು ಅರ್ಧ ಬಿಟ್ಟಿರುವ ಪಿಎಚ್, ಸುಮಾರು 9. ರಕ್ತದ ಪಿಎಚ್ 7.4. ಲೆಕ್ಕ ಹಾಕಿದರೆ ಯಾವುದೇ ಕ್ಷಣದಲ್ಲಿ ನೂರಕ್ಕೆ ಎರಡು ಮೂರು ಅಣುಗಳು ಮಾತ್ರ ವಿದ್ಯುದಂಶ ಇಲ್ಲದೆ ಇರುತ್ತವೆ. ಇಷ್ಟೇನಾ ಅನಿಸಬಹುದು. ಆದರೆ ಆ ಎರಡು ಮೂರು ಗೋಡೆ ದಾಟಿದ ಕೂಡಲೇ ಉಳಿದವುಗಳಲ್ಲಿ ಮತ್ತೆ ಎರಡು ಮೂರು ಪ್ರೋಟಾನ್ ಬಿಡುತ್ತವೆ. ಸಾಲು ಮುಂದೆ ಸರಿಯುತ್ತಲೇ ಇರುತ್ತದೆ. ಸ್ಕೋಪೊಲಮಿನ್ ಇನ್ನೂ ಸುಲಭ. ಅದರ ಪಿಕೆಎ 7.6ರ ಆಸುಪಾಸು, ಹಾಗಾಗಿ ರಕ್ತದಲ್ಲಿ ನೂರಕ್ಕೆ ನಲವತ್ತರಷ್ಟು ಅಣುಗಳು ಯಾವಾಗಲೂ ದಾಟಲು ಸಿದ್ಧ.

ಸ್ಕೋಪೊಲಮಿನ್ನಿಗೆ ಬ್ಯುಟೈಲ್ ಬ್ರೋಮೈಡ್ ಸೇರಿಸಿದಾಗ ಆ ಬಿಡುವಿದ್ದ ಜೋಡಿಯೇ ಬ್ಯುಟೈಲ್ ಜೊತೆ ಬಂಧ ಕಟ್ಟಿಕೊಳ್ಳುತ್ತದೆ. ನಾಲ್ಕನೇ ಕೈಯೂ ತುಂಬಿತು. ಇದು ಚತುರ್ಥಕ ಅಮೋನಿಯಂ. ಬಿಟ್ಟುಹೋಗಲು ಅಲ್ಲಿ ಪ್ರೋಟಾನೇ ಇಲ್ಲ. ಪಿಎಚ್ ಎಷ್ಟೇ ಇರಲಿ, ಹೊಟ್ಟೆಯ ಆಮ್ಲದಲ್ಲಿರಲಿ, ಕರುಳಿನಲ್ಲಿರಲಿ, ವಿದ್ಯುದಂಶ ಹಾಗೇ ಇರುತ್ತದೆ. ಜೊತೆಗೆ ಬಂದ ಬ್ರೋಮೈಡ್ ಅಯಾನ್ ಪಕ್ಕದಲ್ಲಿ ಸುಮ್ನೆ ನಿಂತಿರುತ್ತದೆ. ಒಟ್ಟು 21 ಕಾರ್ಬನ್, 30 ಹೈಡ್ರೋಜನ್, 4 ಆಕ್ಸಿಜನ್, ಒಂದು ನೈಟ್ರೋಜನ್, ಒಂದು ಬ್ರೋಮಿನ್. ಅಣುಭಾರ 440.4. ನೀರಿನಲ್ಲಿ ಚೆನ್ನಾಗಿ ಕರಗುವ ಬಿಳಿ ಹರಳಿನ ಪುಡಿ. ಜರ್ಮನಿಯ ಬೋರಿಂಗರ್ ಇಂಗಲ್‌ಹೈಮ್ ಕಂಪನಿ 1950ರ ದಶಕದ ಆರಂಭದಲ್ಲಿ ಇದನ್ನು ಬಸ್ಕೋಪಾನ್ ಎಂಬ ಹೆಸರಿನಲ್ಲಿ ತಂದಿತು.

ಮೂಲದ ಸ್ಕೋಪೊಲಮಿನ್ ಇವತ್ತಿಗೂ ಗಿಡದಿಂದಲೇ ಬರುತ್ತದೆ. ಅದಕ್ಕಾಗಿ ಹೆಚ್ಚಾಗಿ ಬೆಳೆಸುವುದು ನಮ್ಮ ಉಮ್ಮತ್ತಿಯನ್ನಲ್ಲ, ಆಸ್ಟ್ರೇಲಿಯಾ ಮೂಲದ ಡುಬೊಯ್ಸಿಯ ಎಂಬ ಮರವನ್ನು. ಅದರ ಎಲೆಯಿಂದ ತೆಗೆಯುತ್ತಾರೆ. ಎರಡೂ ಬದನೆ, ಟೊಮೆಟೊ ಕುಟುಂಬದವೇ.

ನಮ್ಮ ಹಿರಿಯರಿಗೆ ಈ ಗುಣ ಗೊತ್ತಿತ್ತು. ಉಮ್ಮತ್ತಿ ಎಂಬ ಹೆಸರಿನಲ್ಲೇ ಉನ್ಮತ್ತ ಇದೆ. ಮದಗುಣಿಕೆ ಎಂದೂ ಕರೆದರು, ಅದರಲ್ಲೂ ಮದ ಇದೆ. ಶಿವರಾತ್ರಿಗೆ ಹೂವನ್ನು ಶಿವನಿಗೆ ಏರಿಸುತ್ತೇವೆ, ಆದರೆ ಕಾಯಿ ಮುಟ್ಟಿದ ಮಕ್ಕಳ ಕೈಯನ್ನು ನಮ್ಮಜ್ಜಿ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆಸುತ್ತಿದ್ದರು.

ಬಾಲ ಇಲ್ಲದ ಸ್ಕೋಪೊಲಮಿನ್ನಿಗೂ ಉಪಯೋಗ ಇದೆ. ಘಾಟಿ ರಸ್ತೆಯಲ್ಲಿ ಬಸ್ಸಿನಲ್ಲಿ ವಾಂತಿ ಬರುತ್ತದಲ್ಲ, ಅಂಥದ್ದಕ್ಕೆ ಹಲವು ದೇಶಗಳಲ್ಲಿ ಕಿವಿಯ ಹಿಂದೆ ಸ್ಕೋಪೊಲಮಿನ್ ಪಟ್ಟಿ ಅಂಟಿಸುತ್ತಾರೆ. ಅಲ್ಲಿ ಅದು ಮಿದುಳಿಗೆ ಹೋಗುವುದೇ ಬೇಕಾದದ್ದು.

ಉತ್ತರ: ಮಂಗಳೂರಿನ ಎಂಡೋಸ್ಕೋಪಿ ಸಿಸ್ಟರ್

ಮಾತ್ರೆಯ ಬಗ್ಗೆ ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ಇಂಜೆಕ್ಷನ್ ಬೇರೆಯೇ ಕಥೆ, ಅದನ್ನು ನಾನು ದಿನಾ ನೋಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಕೊಲೊನೋಸ್ಕೋಪಿ, ಅಂದರೆ ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇರುವ ಕೊಳವೆ ಬಿಟ್ಟು ನೋಡುವ ಪರೀಕ್ಷೆ, ಮಾಡುವಾಗ ಕರುಳು ಅಲೆಯಲೆಯಾಗಿ ಮಿಸುಕುತ್ತಿರುತ್ತದೆ. ಮಡಿಕೆಗಳ ಹಿಂದೆ ಏನಿದೆ ಎಂದು ಕಾಣುವುದಿಲ್ಲ. ಡಾಕ್ಟರು ಹೇಳಿದಾಗ ಹಯೋಸಿನ್ ಬ್ಯುಟೈಲ್‌ಬ್ರೋಮೈಡ್ 20 ಮಿಲಿಗ್ರಾಂ ರಕ್ತನಾಳಕ್ಕೆ ನಿಧಾನವಾಗಿ ಕೊಡುತ್ತೇವೆ. ಒಂದು ಮಿಲಿಲೀಟರಿನ ಪುಟ್ಟ ಆಂಪೂಲ್. ಕೊಟ್ಟು ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಆ ಅಲೆ ನಿಲ್ಲುತ್ತದೆ. ಗಾಳಿ ನಿಂತ ಕೆರೆಯ ಹಾಗೆ ಗೋಡೆಯೆಲ್ಲ ಶಾಂತವಾಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಆ ಕ್ಷಣ ಇಷ್ಟ. ಆದರೆ ಅದೇ ಹೊತ್ತಿಗೆ ಇನ್ನೊಂದು ಪರದೆಯಲ್ಲಿ ನಾಡಿ 76 ಇದ್ದದ್ದು 110 ಆಗಿರುತ್ತದೆ.

ಯಾಕೆಂದರೆ ಇಂಜೆಕ್ಷನ್ ಕರುಳಿನ ಗೋಡೆಯನ್ನು ದಾಟಬೇಕಾಗಿಲ್ಲ, ನೇರವಾಗಿ ರಕ್ತದಲ್ಲೇ ಇದೆ. ಮಿದುಳಿಗೆ ಹೋಗುವುದಿಲ್ಲ ನಿಜ, ಆದರೆ ಹೃದಯಕ್ಕೆ, ಕಣ್ಣಿಗೆ, ಮೂತ್ರಕೋಶಕ್ಕೆ ಹೋಗುತ್ತದೆ. ಹೃದಯದ ತೊಂದರೆ ಇರುವವರಿಗೆ ಈ ಇಂಜೆಕ್ಷನ್ ಕೊಡುವಾಗ ಜಾಗ್ರತೆ ಎಂದು ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ವಿಶೇಷ ಎಚ್ಚರಿಕೆ ಕೊಟ್ಟಿತ್ತು. ನಾನು ಪ್ರತಿಯೊಬ್ಬರಿಗೂ ಮೊದಲೇ ಕೇಳುತ್ತೇನೆ: ಹೃದಯದ ತೊಂದರೆ ಇದೆಯಾ? ಕಣ್ಣಿನ ಒತ್ತಡ, ಗ್ಲಾಕೋಮಾ ಇದೆಯಾ? ಗಂಡಸರಾದರೆ ಮೂತ್ರ ಸರಾಗ ಹೋಗುತ್ತದಾ? ಮೈಯಸ್ತೇನಿಯ ಎಂಬ ಸ್ನಾಯುವಿನ ಕಾಯಿಲೆ ಇದೆಯಾ? ಇವುಗಳಲ್ಲಿ ಒಂದಕ್ಕೆ ಹೌದು ಎಂದರೂ ಡಾಕ್ಟರಿಗೆ ಹೇಳಿದ ಮೇಲೆಯೇ ಆಂಪೂಲ್ ಒಡೆಯುವುದು.

ಮುಗಿದ ಮೇಲೆ ಹೊರಗೆ ಕೂತವರು ಮೊಬೈಲ್ ಹಿಡಿದು, "ಸಿಸ್ಟರ್, ಅಕ್ಷರ ಮಸುಕಾಗ್ತಿದೆ" ಎನ್ನುತ್ತಾರೆ. ಹತ್ತಿರದ್ದನ್ನು ನೋಡಲು ಕಣ್ಣಿನೊಳಗಿನ ಸ್ನಾಯು ಬಿಗಿಯಬೇಕು, ಅದೂ ಈಗ ಸಡಿಲವಾಗಿರುತ್ತದೆ. ಹೆದರಬೇಡಿ, ಹೋಗುತ್ತದೆ, ಆದರೆ ಗಾಡಿ ಓಡಿಸಬೇಡಿ ಎನ್ನುತ್ತೇನೆ. ಮಸುಕಿನ ಜೊತೆಗೆ ಕಣ್ಣು ಕೆಂಪಾಗಿ ನೋವು ಬಂದರೆ ಮಾತ್ರ ಕಾಯಬಾರದು. ಅದು ಗ್ಲಾಕೋಮಾ ಇರಬಹುದು, ತಕ್ಷಣ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು.

ನಿಮ್ಮ ಅಮ್ಮನಿಗೆ ಮುಂದೆ ಯಾವಾಗಲಾದರೂ ಕ್ಯಾಶುವಲ್ಟಿಯಲ್ಲಿ ನುಲಿತಕ್ಕೆ ಇಂಜೆಕ್ಷನ್ ಹಾಕುವಾಗ, ಮಾತ್ರೆ ಒಗ್ಗಿತ್ತು ಅಂತ ಸುಮ್ಮನಿರಬೇಡಿ. ಹೃದಯ, ಕಣ್ಣು ಎರಡರ ವಿಷಯವನ್ನೂ ನೀವೇ ಮುಂದಾಗಿ ಹೇಳಿ.

ಉತ್ತರ: ನ್ಯೂಜೆರ್ಸಿ ಕನ್ನಡತಿ

ಅಪ್ಪ ಅಮ್ಮನನ್ನು ಅಮೆರಿಕಕ್ಕೆ ಕರೆಸಿಕೊಳ್ಳುವವರಿಗೆ ಒಂದು ಮಾತು. ಅತ್ತೆ ಊರಿಂದ ಬಂದಾಗ ಹಯೋಸಿನ್ ಬ್ಯುಟೈಲ್‌ಬ್ರೋಮೈಡ್ ಮಾತ್ರೆ ಮುಗಿದುಹೋಯಿತು. ಇಲ್ಲಿ ಫಾರ್ಮಸಿಯಲ್ಲಿ ಕೇಳಿದರೆ ಆ ಔಷಧ ಅಮೆರಿಕದ ಮಾರುಕಟ್ಟೆಯಲ್ಲೇ ಇಲ್ಲ ಎಂದರು. ಲಂಡನ್ನಿನಲ್ಲಿರುವ ನನ್ನ ತಂಗಿ ಅದನ್ನು ಚೀಟಿ ಇಲ್ಲದೆ ಕೊಳ್ಳುತ್ತಾಳೆ! ಇಲ್ಲಿ ಡಾಕ್ಟರ ಬಳಿ ಹೋದರೆ ಹೆಚ್ಚಾಗಿ ಬರೆದುಕೊಡುವುದು ಡೈಸೈಕ್ಲೋಮಿನ್ನೇ, ಚೀಟಿ ಮೇಲೆ. ಅತ್ತೆಗೆ 74 ವರ್ಷ. ಅದರ ಜೊತೆ ಕೊಟ್ಟ ಕಾಗದ ಕೂತು ಓದಿದೆ. ಐಬಿಎಸ್ ರೋಗಿಗಳಿಗೆ ದಿನಕ್ಕೆ 160 ಮಿಲಿಗ್ರಾಂ ಕೊಟ್ಟು ನೋಡಿದಾಗ ನೂರಕ್ಕೆ 82 ಜನಕ್ಕೆ ಗುಣ ಕಂಡಿತಂತೆ, ಬರೀ ಸಕ್ಕರೆ ಮಾತ್ರೆ ನುಂಗಿದವರಲ್ಲಿ 55. ಚೆನ್ನಾಗಿದೆ ಅನಿಸಿತು. ಕೆಳಗೆ ನೋಡಿದರೆ ತಲೆಸುತ್ತು ನೂರಕ್ಕೆ 40, ಬಾಯಿ ಒಣಗುವುದು 33, ಕಣ್ಣು ಮಂಜಾಗುವುದು 27. ಈ ವಯಸ್ಸಿನಲ್ಲಿ ತಲೆ ಸುತ್ತಿ ಬಚ್ಚಲಲ್ಲಿ ಬಿದ್ದರೆ ಸೊಂಟ ಮುರಿಯುತ್ತದೆ ಎಂದು ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. ಅವರು ಒಪ್ಪಿ ಬದಲಾಯಿಸಿದರು. ಊರಿಂದ ಹೊರಡುವಾಗಲೇ ಚೀಟಿ ಸಮೇತ ಸಾಕಷ್ಟು ಮಾತ್ರೆ ತರುವುದು ಒಳ್ಳೆಯದು.

ಮರುಪ್ರಶ್ನೆ: ತುಂಗೆಯ ದಡದವಳು

ಎಲ್ಲರಿಗೂ ಕೈಮುಗಿಯುತ್ತೇನೆ. ಒಗ್ಗರಣೆಯ ಮಾತನ್ನು ಅಮ್ಮನಿಗೇ ಓದಿ ಹೇಳಿದೆ. ಅವರು ಒಲೆ ಮುಂದೆ ನಿಂತು ಎಣ್ಣೆಗೆ ಉಪ್ಪು ಹಾಕಿ ನೋಡಿದರು. ಆ ರಾತ್ರಿಯದು ಅವರಿಗೆ ಒಂದೂ ನೆನಪಿಲ್ಲ. ಕರುವಿನ ವಿಷಯ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಗೌರಿ ಕರು ಇರಬೇಕು" ಎಂದರು.

ನೆಗಡಿ ಮಾತ್ರೆಯ ಹಿಂಬದಿ ನೋಡಿದೆ. ಕ್ಲೋರ್‌ಫೆನಿರಮಿನ್ ಇತ್ತು, ನೀವು ಹೇಳಿದ ಹಾಗೇ. ಶಿವಮೊಗ್ಗದ ಡಾಕ್ಟರಿಗೆ ಪಟ್ಟಿ ತೋರಿಸಿದೆ. ಅಮಿಟ್ರಿಪ್ಟಿಲಿನ್ ನಿಧಾನವಾಗಿ ಬಿಡಿಸೋಣ, ಕಾಲುರಿಗೆ ಬೇರೆ ಕೊಡೋಣ ಎಂದರು. ಎರಡು ಸಣ್ಣ ಪ್ರಶ್ನೆ. ಅಮ್ಮ ರಾತ್ರಿ ಇಸಬ್‌ಗೋಲ್ ಕುಡಿಯುತ್ತಾರೆ, ನುಲಿತದ ಮಾತ್ರೆ ಜೊತೆಗೇ ಕೊಡಬಹುದಾ? ಮುಂದಿನ ತಿಂಗಳು ಕಣ್ಣಿನ ಪೊರೆ ತೋರಿಸಲು ಹೋಗಬೇಕು, ಅಲ್ಲಿ ಈ ಮಾತ್ರೆ ವಿಷಯ ಹೇಳಬೇಕಾ?

ಉತ್ತರ: ಹಾವೇರಿ ಔಷಧದಂಗಡಿ

ಗೌರಿ ಕರುವಿನ ಸಾಲು ಓದಿ ಮನಸ್ಸು ತುಂಬಿ ಬಂತು.

ಇಸಬ್‌ಗೋಲ್ ನೀರಿನಲ್ಲಿ ಉಬ್ಬಿ ಲೋಳೆಯಾಗುತ್ತದೆ, ಅದರೊಳಗೆ ಮಾತ್ರೆ ಸಿಕ್ಕಿಕೊಳ್ಳಬಹುದು. ನಡುವೆ ಎರಡು ಗಂಟೆ ಬಿಡಿ. ಇಸಬ್‌ಗೋಲಿಗೆ ದೊಡ್ಡ ಲೋಟದ ತುಂಬಾ ನೀರು ಕುಡಿಸಿ, ಕುಡಿದ ತಕ್ಷಣ ಮಲಗಿಸಬೇಡಿ. ನುಲಿತದ ಮಾತ್ರೆ ಕರುಳಿನ ಓಟವನ್ನೇ ನಿಧಾನ ಮಾಡುತ್ತದೆ, ನೀರು ಕಡಿಮೆಯಾದರೆ ಮಲ ಕಟ್ಟುತ್ತದೆ. ಎರಡು ದಿನ ಮಲ ಹೋಗಲಿಲ್ಲ ಎಂದರೆ ಮಾತ್ರೆ ನಿಲ್ಲಿಸಿ ಡಾಕ್ಟರಿಗೆ ಹೇಳಿ.

ಕಣ್ಣಿನ ಡಾಕ್ಟರಿಗೆ ಖಂಡಿತ ಹೇಳಿ. ಎರಡೂ ಮಾತ್ರೆಯ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಡೈಸೈಕ್ಲೋಮಿನ್ ಎದುರಿಗೆ 'ಇದರಿಂದ ಗೊಂದಲವಾಗಿತ್ತು' ಎಂದು ಬರೆಯಿರಿ. ಪೊರೆ ನೋಡುವಾಗ ಕಣ್ಣಿನ ಒತ್ತಡವನ್ನೂ ಅಳೆಯುತ್ತಾರೆ. ಕೋನ, ಅಂದರೆ ಕಣ್ಣಿನೊಳಗಿನ ದ್ರವ ಹೊರಹೋಗುವ ಮೂಲೆ, ಕಿರಿದಾಗಿದೆ ಎಂದೇನಾದರೂ ಹೇಳಿದರೆ ಹಯೋಸಿನ್ ಮಾತ್ರೆಯನ್ನೂ ಮತ್ತೆ ಕೇಳದೆ ಕೊಡಬೇಡಿ. ಆಗ ಡ್ರೊಟಾವೆರಿನ್ ಥರದ್ದು ಆಗುತ್ತದಾ ಎಂದು ನಿಮ್ಮ ಡಾಕ್ಟರನ್ನು ಕೇಳಬಹುದು. ಅದು ಈ ಗ್ರಾಹಕಗಳ ತಂಟೆಗೇ ಹೋಗುವುದಿಲ್ಲ. ಸ್ನಾಯುವಿನ ಒಳಗಿರುವ ಪಿಡಿಇ4 ಎಂಬ ಕಿಣ್ವವನ್ನು ತಡೆದು ಸಡಿಲಿಸುತ್ತದೆ. ಅದರಲ್ಲಿ ನೋಡಿಕೊಳ್ಳಬೇಕಾದದ್ದು ಬಿಪಿ. ಅಮ್ಮನ ಬಿಪಿ ಎಷ್ಟಿರುತ್ತದೆ ಎಂದು ಆ ಚೀಟಿಯಲ್ಲೇ ಬರೆದುಕೊಂಡಿರಿ.